ಸ್ಟೀರಿಯೋ ಯಂತ್ರದ ಶುಶ್ರೂಷೆ

‘ಸ್ಟೀರಿಯೋಸ್’ ಎಂಬುದು ಗ್ರೀಕ್ ಮಾತು. ಘನವಾದದ್ದು, ಉದ್ದ ಅಗಲ ಆಳಗಳುಳ್ಳದ್ದು ಎಂದು ಅದರ ಅರ್ಥ. ಶಬ್ದಕ್ಕೂ ಆಳವುಂಟೆ ಎಂದು ಕೇಳುವವರು ನಮ್ಮ ಸೀಮೆಯ ಬಯಲಾಟವನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಬೇಕು. ಮದ್ದಳೆ ಒಂದು ಕಡೆಯಿಂದಲೂ, ಹಾರ್ಮೋನಿಯಂ ಇನ್ನೊಂದು ಕಡೆಯಿಂದಲೂ, ಪಾತ್ರಧಾರಿಯ ಗೆಜ್ಜೆ ನಡುವಿನಿಂದಲೂ ಬರುವುದು ಕಣ್ಣಿನ ನೆರವಿಲ್ಲದೆಯೇ ತಿಳಿಯುತ್ತದೆ. ಎರಡು ಕಿವಿಗಳಿಗೆ ಬಂದು ಮುಟ್ಟುವ ನಾದದಲ್ಲಿರುವ ಅತ್ಯಲ್ಪವಾದ ವ್ಯತ್ಯಾಸದಿಂದ ಮೆದುಳು ದಿಕ್ಕನ್ನು ಗುರುತಿಸುತ್ತದೆ. ಹಾಗಾದರೆ ಯಂತ್ರವೂ ಎರಡು ಕಿವಿಗಳಿಗೆ ಎರಡು ಬೇರೆ ಧ್ವನಿಗಳನ್ನು ಒದಗಿಸಬಾರದೇಕೆ? ಈ ಉಪಾಯವನ್ನು ಅಲನ್ ಬ್ಲಮ್ಲೀನ್ ಎಂಬ ಆಂಗ್ಲ ಇಂಜಿನಿಯರು 1931ರಲ್ಲಿಯೇ ಪೇಟೆಂಟಿಗೆ ಸಲ್ಲಿಸಿದನು. ತಟ್ಟೆಯ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎಡ ಬಲಗಳ ಧ್ವನಿಯನ್ನು ಕೊರೆದ ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದದ್ದು 1958ರ ಸುಮಾರಿಗೆ. ಫಿಲಿಪ್ಸ್ ಸಂಸ್ಥೆಯವರು 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಆ ಧ್ವನಿಯನ್ನು ಹಳ್ಳಿಹಳ್ಳಿಗೂ ಮುಟ್ಟಿಸಿತು.

ಅಂಗಿಯ ಜೇಬಿನಲ್ಲಿ ಹಾಡುವ ಫೋನು ಇರುವ ಈ ಕಾಲದಲ್ಲಿ ಎರಡು ಮರದ ಪೆಟ್ಟಿಗೆ, ಒಂದು ಆಂಪ್ಲಿಫೈಯರು, ಒಂದು ಕ್ಯಾಸೆಟ್ ಡೆಕ್ಕು ಇವುಗಳ ಆರೈಕೆಯ ಮಾತೇಕೆ ಎಂದು ವಾಚಕರು ಕೇಳುವುದು ಸಹಜ. ಸಿನಿಮಾ ಹಾಡಿಗಾಗಿಯೇ ಆದರೆ ಇದು ಬೇಕಿಲ್ಲ; ನಾನೂ ಫೋನಿನಲ್ಲಿಯೇ ಕೇಳುತ್ತೇನೆ. ಆದರೆ ಸಿರುಗುಪ್ಪ ತಾಲ್ಲೂಕಿನಲ್ಲಿ, ನಮ್ಮ ಹಚ್ಚೊಳ್ಳಿಯಲ್ಲಂತೂ, ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಯಾವ ಅಂಗಡಿಯಲ್ಲಿಯೂ ದೊರೆಯದ ಕ್ಯಾಸೆಟ್ಟುಗಳಿವೆ. ಮದುವೆಯ ಸೋಬಾನೆ, ಭಜನೆಯ ಮೇಳ, ಬೆಳತನಕ ನಡೆದ ಬಯಲಾಟ, ಇವನ್ನು ಯಾರೋ ಒಬ್ಬರು ಟೇಪ್ ರೆಕಾರ್ಡರು ಹಿಡಿದು ತುಂಬಿಸಿಟ್ಟಿದ್ದಾರೆ. ಇವಕ್ಕೆ ಎರಡನೆಯ ಪ್ರತಿ ಇಲ್ಲ. ನನ್ನ ಅಜ್ಜ ಅಕ್ಷರ ಬಲ್ಲವರಲ್ಲ. ಆಟ ಕಲಿಸುವ ಮಾಸ್ತರರ ಬಾಯಿಂದ ಕೇಳಿ ಕೇಳಿಯೇ ಪಾತ್ರದ ಮಾತನ್ನೆಲ್ಲ ಕಂಠಪಾಠ ಮಾಡಿದವರು. ಅವರು ಭೀಮನ ಪಾತ್ರ ಕಟ್ಟಿದ ಒಂದು ರಾತ್ರಿಯ ‘ಕೀಚಕ ವಧೆ’ ನಮ್ಮ ಮನೆಯಲ್ಲಿ ಮೂರು ಕ್ಯಾಸೆಟ್ಟುಗಳಲ್ಲಿದೆ. ಒಂದೊಂದು ಬದಿಗೆ 45 ನಿಮಿಷದಂತೆ ಮೂರಕ್ಕೂ ಸೇರಿ ನಾಲ್ಕೂವರೆ ಗಂಟೆ. ಆಟ ಅದಕ್ಕಿಂತ ದೊಡ್ಡದು. ಆದಕಾರಣ ನಮ್ಮ ಮನೆಯಲ್ಲಿ ಕೀಚಕನು ಇಂದಿಗೂ ಸತ್ತಿಲ್ಲ! ಅಜ್ಜ ಈಗಿಲ್ಲ. ಅವರು ಆಡಿದ ಮಾತು ಕಾಗದದ ಮೇಲೂ ಇಲ್ಲ. ಆ ನಾಲ್ಕೂವರೆ ಗಂಟೆಯ ಧ್ವನಿ ಹೊರಬರಬೇಕಾದರೆ ಯಂತ್ರ ಸರಿಯಾಗಿರಬೇಕು. ಯಂತ್ರ ಕೆಟ್ಟಿದ್ದರೆ ಟೇಪನ್ನೇ ನುಂಗಿಬಿಡುತ್ತದೆ. ಶುಶ್ರೂಷೆಯ ಅವಶ್ಯಕತೆ ಇಷ್ಟರಿಂದಲೇ ವಿಶದವಾಗುತ್ತದೆ.

ನಮ್ಮ ಕಡೆಯಲ್ಲಿ ಈ ಯಂತ್ರಕ್ಕೆ ಮೊದಲ ಶತ್ರು ಧೂಳು. ಬೇಸಿಗೆಯಲ್ಲಿ ಎರೆಯ ಭೂಮಿ ಬಿರುಕು ಬಿಟ್ಟು ಪುಡಿಯಾಗಿ ಗಾಳಿಗೆ ಏಳುತ್ತದೆ. ಸುಗ್ಗಿಯಲ್ಲಿ ಭತ್ತದ ತೌಡು, ಹೊಟ್ಟು. ಹಳೆಯ ಮಾಳಿಗೆ ಮನೆಗಳಲ್ಲಿ ಮೇಲಿನಿಂದ ಉದುರುವ ಮಣ್ಣು ಬೇರೆ. ಇಷ್ಟು ಸಣ್ಣ ಧೂಳು ಏನು ಮಾಡೀತು ಎನ್ನುವವರಿಗಾಗಿ ಒಂದು ಲೆಕ್ಕ ಹೇಳುತ್ತೇನೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುತ್ತದೆ. ತಾಳದ ಕಿಣಿಕಿಣಿಯಲ್ಲಿ ಸೆಕೆಂಡಿಗೆ 10,000 ಕಂಪನಗಳ ನಾದವೂ ಸೇರಿರುತ್ತದೆ. ಅಂದರೆ ಟೇಪಿನ ಮೇಲೆ ಅಂಥ ಒಂದು ಕಂಪನಕ್ಕೆ ಸಿಕ್ಕುವ ಸ್ಥಳ ಒಂದು ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲಿಗೂ ಕಡಿಮೆ. ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲೂ ಇಲ್ಲ. ಇನ್ನು ಟೇಪು ತಗಲಿಕೊಂಡು ಓಡುವ ‘ಹೆಡ್’ ಎಂಬ ಲೋಹದ ತುಂಡಿನ ಮೇಲೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು ಕೊಳೆ ಕಟ್ಟಿತೆಂದು ಇಟ್ಟುಕೊಳ್ಳಿ. ಆ ಒಂದು ಪಾಲಿನ ಅಂತರದಿಂದಲೇ ತಾಳದ ಆ ನಾದದ ಬಲ ಸುಮಾರು ಕಾಲು ಪಾಲಿಗೆ ಇಳಿದುಹೋಗುತ್ತದೆ. ಅದೇ ಕೊಳೆಯಿಂದ ಸೆಕೆಂಡಿಗೆ ನೂರು ಕಂಪನದ ಗಂಭೀರ ನಾದಕ್ಕೆ ಆಗುವ ನಷ್ಟ ನೂರಕ್ಕೆ ಒಂದು ಪಾಲು ಮಾತ್ರ. ಆದ್ದರಿಂದಲೇ ಹೆಡ್ಡು ಕೊಳೆಯಾದ ಡೆಕ್ಕಿನಲ್ಲಿ ಮದ್ದಳೆಯ ಗುಂಗು ಮೊದಲಿನಂತೆಯೇ ಕೇಳಿ, ತಾಳ ಮಾತ್ರ ಕಾಣೆಯಾಗುವುದು. ಮಾತಿನಲ್ಲಿಯೂ ಸ, ಶ, ಚ ಮೊದಲಾದ ಅಕ್ಷರಗಳು ಮೊದಲು ಅಳಿಯುತ್ತವೆ. ಅಜ್ಜನ ಕಂಠ ಕೇಳುತ್ತದೆ, ಪದ ತಿಳಿಯುವುದಿಲ್ಲ. ಮನೆಯವರು ‘ಕ್ಯಾಸೆಟ್ಟು ಹಳೆಯದಾಯಿತು’ ಎನ್ನುತ್ತಾರೆ. ಅನೇಕ ವೇಳೆ ಹಳೆಯದಾದದ್ದು ಕ್ಯಾಸೆಟ್ಟಲ್ಲ, ಹೆಡ್ಡಿನ ಮೇಲಿನ ಕೊಳೆ.

ಇದನ್ನು ತೆಗೆಯುವುದು ಐದು ನಿಮಿಷದ ಕೆಲಸ. ಮೊದಲು ಪ್ಲಗ್ಗನ್ನು ಗೋಡೆಯಿಂದಲೇ ಕೀಳಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಕಡ್ಡಿಗೆ ಹತ್ತಿ ಸುತ್ತಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸು ತೋಯಿಸಿ ಹೆಡ್ಡಿನ ಮುಖವನ್ನೂ ಪಕ್ಕದಲ್ಲಿ ತಿರುಗುವ ಉಕ್ಕಿನ ಸಣ್ಣ ಕಡ್ಡಿಯನ್ನೂ ಮೆಲ್ಲಗೆ ಒರೆಸಬೇಕು. ಹತ್ತಿ ಕಂದುಬಣ್ಣಕ್ಕೆ ತಿರುಗುತ್ತದೆ. ಅದು ಟೇಪಿನಿಂದ ಉದುರಿದ ಕಬ್ಬಿಣದ ಆಕ್ಸೈಡು. ಹತ್ತಿ ಬೆಳ್ಳಗೆ ಬರುವವರೆಗೂ ಒರೆಸಿ, ಪೂರಾ ಆರಿದ ಮೇಲೆಯೇ ಕ್ಯಾಸೆಟ್ಟನ್ನು ಹಾಕಬೇಕು. ರಬ್ಬರಿನ ಗಾಲಿಗೆ ಮಾತ್ರ ಸಾಬೂನಿನ ನೀರು ಒಳ್ಳೆಯದು. ಸ್ಪಿರಿಟ್ಟು ಪದೇ ಪದೇ ತಗಲಿದರೆ ರಬ್ಬರು ಬಿರುಸಾಗುತ್ತದೆ. 2020ರಿಂದ ಈಚೆಗೆ ಮನೆಮನೆಯಲ್ಲಿಯೂ ಉಳಿದಿರುವ ಸ್ಯಾನಿಟೈಸರನ್ನು ಬಳಸಕೂಡದು. ಅದರಲ್ಲಿ ಗ್ಲಿಸರಿನ್ನೋ ಸುಗಂಧವೋ ಸೇರಿದ್ದು, ಆರಿದ ಮೇಲೆ ಅಂಟು ಉಳಿದು ಮತ್ತಷ್ಟು ಧೂಳನ್ನು ಹಿಡಿಯುತ್ತದೆ. ಕೊಬ್ಬರಿ ಎಣ್ಣೆಯ ಮಾತಂತೂ ಬೇಡ. ವಾಲ್ಯೂಮು ತಿರುಗಿಸಿದಾಗ ಕರಕರ ಎನ್ನುವ ಗುಂಡಿಗೆ ಒಂದು ಹನಿ ಎಣ್ಣೆ ಬಿಡುವ ಪದ್ಧತಿ ನಮ್ಮಲ್ಲಿದೆ. ಎರಡು ದಿನ ಸದ್ದು ನಿಲ್ಲುತ್ತದೆ. ಮೂರನೆಯ ದಿನ ಒಳಗೆ ಎಣ್ಣೆಯೂ ಎರೆಮಣ್ಣೂ ಕಲಸಿ ಕೆಸರಾಗಿರುತ್ತದೆ. ವಿದ್ಯುತ್ ಉಪಕರಣಗಳಿಗೆಂದೇ ಮಾರುವ ಕಾಂಟ್ಯಾಕ್ಟ್ ಕ್ಲೀನರನ್ನು, ಪ್ಲಗ್ಗು ಕಿತ್ತಿರುವಾಗ, ಒಂದು ಸಲ ಸಿಂಪಡಿಸಿ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿದರೆ ಸಾಕು.

ತಟ್ಟೆಗಳು ನಮ್ಮ ಕಡೆ ಅಪರೂಪ. ಇದ್ದವರಿಗೆ ಒಂದೇ ಎಚ್ಚರಿಕೆ. ಮಿನಿಟಿಗೆ 78 ಸುತ್ತಿನ ಹಳೆಯ ತಟ್ಟೆಗಳು ಅರಗಿನಿಂದ ಆದವು. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿ, ಕೊನೆಗೆ ನಮ್ಮ ಮೈಸೂರಿನಲ್ಲಿ ಆಸ್ಥಾನ ಸಂಗೀತಗಾರ್ತಿಯಾಗಿದ್ದು 1930ರಲ್ಲಿ ತೀರಿಕೊಂಡ ಗೌಹರ್ ಜಾನಳ ಧ್ವನಿ ಉಳಿದಿರುವುದು ಇಂಥ ಅರಗಿನ ಮೇಲೆಯೇ. ಬಡಗಿಗಳು ಮರಕ್ಕೆ ಪಾಲಿಶ್ ಹಾಕಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದನ್ನು ನೋಡಿರುವವರಿಗೆ, ಈ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಏನಾದೀತೆಂದು ಹೇಳಬೇಕಾಗಿಲ್ಲ.

ಎರಡನೆಯ ಶತ್ರು ಸೆಕೆ. ಬಳ್ಳಾರಿಯ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವಾಗ, ಆಂಪ್ಲಿಫೈಯರಿನ ಮೇಲೆ ಧೂಳು ಬೀಳಬಾರದೆಂದು ಕಸೂತಿಯ ಬಟ್ಟೆ ಹೊದಿಸಿ ನಡೆಸುವುದೆಂದರೆ ಅದಕ್ಕೆ ಕಂಬಳಿ ಹೊದಿಸಿ ಬಿಸಿಲಿನಲ್ಲಿ ಕೂರಿಸಿದಂತೆ. ಬಟ್ಟೆ ನಿಲ್ಲಿಸಿದ ಮೇಲೆ ಇರಲಿ, ನಡೆಯುವಾಗ ಬೇಡ. ಫ್ಯೂಜು ಹೋದರೆ ಅದೇ ಬೆಲೆಯ ಫ್ಯೂಜನ್ನೇ ಹಾಕಬೇಕು. ತಾಮ್ರದ ಎಳೆ ಸುತ್ತುವುದು ಮನೆಗೆ ಬೆಂಕಿಯನ್ನು ಆಹ್ವಾನಿಸಿದಂತೆ. ಒಳಗಿರುವ ದೊಡ್ಡ ಕಪಾಸಿಟರುಗಳು ಪ್ಲಗ್ಗು ಕಿತ್ತ ಮೇಲೆಯೂ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಅರಿಯದವರು ಆಂಪ್ಲಿಫೈಯರಿನ ಮುಚ್ಚಳವನ್ನು ತೆರೆಯದಿರುವುದೇ ಮೇಲು.

ತೆರೆಯದೆಯೇ ದೋಷವನ್ನು ಕಂಡುಹಿಡಿಯಬಹುದೆ? ಬಹುಪಾಲು ಬಹುದು. ಸ್ಟೀರಿಯೋದ ಸೊಗಸು ಇಲ್ಲಿಯೇ ಇದೆ: ಅದರಲ್ಲಿ ಎಲ್ಲವೂ ಎರಡೆರಡು. ಒಂದು ಕೆಟ್ಟರೆ ಇನ್ನೊಂದು ಸಾಕ್ಷಿ ಹೇಳುತ್ತದೆ. ನಮ್ಮ ಎಡಗಡೆಯ ಪೆಟ್ಟಿಗೆ ಒಂದು ದಿನ ಮೂಕವಾಯಿತು. ಪೇಟೆಯ ರಿಪೇರಿಯವರೊಬ್ಬರು ದೂರದಿಂದಲೇ ನೋಡಿ, “ಐಸಿ ಹೋಗೈತಿ ತಮ್ಮಾ, ಇದನ್ನ ಬಿಟ್ಟು ಹೊಸಾದು ತಗಾ” ಎಂದರು. ಮನೆಗೆ ತಂದು ಆಂಪ್ಲಿಫೈಯರಿನ ಹಿಂದೆ ಎಡ ಬಲ ಸ್ಪೀಕರುಗಳ ತಂತಿಗಳನ್ನು, ಯಂತ್ರ ಆರಿಸಿ, ಅದಲುಬದಲು ಮಾಡಿದೆ. ಆಂಪ್ಲಿಫೈಯರೇ ಕೆಟ್ಟಿದ್ದರೆ ಮೌನವು ಬಲಗಡೆಗೆ ಹೋಗಬೇಕಷ್ಟೆ? ಹೋಗಲಿಲ್ಲ, ಎಡಗಡೆಯಲ್ಲಿಯೇ ಉಳಿಯಿತು. ಹಾಗಾದರೆ ದೋಷ ತಂತಿಯಲ್ಲಿ ಇಲ್ಲವೆ ಪೆಟ್ಟಿಗೆಯಲ್ಲಿ. ತಂತಿಯನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಪೆಟ್ಟಿಗೆಯ ಹಿಂದಿನ ಎರಡು ತುದಿಗಳಿಗೆ ಒಂದೂವರೆ ವೋಲ್ಟಿನ ಶೆಲ್ಲನ್ನು ಕ್ಷಣಕಾಲ ಮುಟ್ಟಿಸಿದಾಗ ‘ಟಪ್’ ಎಂದಿತು, ಪೆಟ್ಟಿಗೆ ಜೀವಂತವಾಗಿದೆ. ಉಳಿದದ್ದು ತಂತಿ. ಬೀರುವಿನ ಹಿಂದೆ ಇಲಿ ಅದನ್ನು ಕಡಿದಿತ್ತು. ನಾಲ್ಕು ಗಜ ತಂತಿಗೆ ಎಷ್ಟಾದೀತು ಎಂಬುದನ್ನು ವಾಚಕರೇ ಊಹಿಸಬಹುದು. ತಂತಿಗಳು ಸರಿಯಿದ್ದು, ಡೆಕ್ಕಿನಿಂದ ಆಂಪ್ಲಿಫೈಯರಿಗೆ ಹೋಗುವ ಎರಡು ಪಿನ್ನುಗಳನ್ನು ಹೀಗೆಯೇ ಬದಲಿಸಿದಾಗ ಮೌನ ಇನ್ನೊಂದು ಕಡೆಗೆ ದಾಟಿದರೆ, ಆಗ ದೋಷ ಡೆಕ್ಕಿನದು. ಹೀಗೆ ಒಂದೊಂದು ಗಂಟಿನಲ್ಲಿಯೂ ಬದಲಿಸುತ್ತ ಹೋದರೆ ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಓದಿದ ಅನ್ವಯ ವ್ಯತಿರೇಕಗಳು ಕೈಗೆ ಸಿಕ್ಕುತ್ತವೆ.

ಶೆಲ್ಲಿನ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ. ಶೆಲ್ಲಿನ ಧನ ತುದಿಯನ್ನು ಕೆಂಪು ಗುರುತಿಗೆ ಮುಟ್ಟಿಸಿದಾಗ ಸಾಧಾರಣವಾಗಿ ಸ್ಪೀಕರಿನ ಕಾಗದ ಮುಂದಕ್ಕೆ ಜಿಗಿಯುತ್ತದೆ. ಒಂದು ಪೆಟ್ಟಿಗೆಯ ಕೆಂಪು ಕರಿ ತಂತಿಗಳು ತಿರುವುಮುರುವಾಗಿದ್ದರೆ, ಒಂದರ ಕಾಗದ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು ಗಂಭೀರ ನಾದಗಳು ಪರಸ್ಪರ ಕೊಂದುಕೊಳ್ಳುತ್ತವೆ. ಎರಡೂ ಹಾಡುತ್ತವೆ, ಮದ್ದಳೆ ಮಾತ್ರ ಡಬ್ಬಿ ಬಡಿದಂತೆ ಕೇಳುತ್ತದೆ, ಗಾಯಕನು ಎಲ್ಲಿಯೂ ನಿಲ್ಲುವುದಿಲ್ಲ. ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಹೀಗೆಯೇ ನಡೆದಿರುತ್ತದೆ.

ಈ ಪರೀಕ್ಷೆಗೆ ಹಳ್ಳಿಯ ಹಳೆಯ ಕ್ಯಾಸೆಟ್ಟಿಗಿಂತ ಒಳ್ಳೆಯ ಸಾಧನವಿಲ್ಲ. ಅವು ಒಂದೇ ಮೈಕಿನ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿದವು, ಸ್ಟೀರಿಯೋ ಅಲ್ಲ. ಕ್ಯಾಸೆಟ್ಟನ್ನು ರೂಪಿಸಿದವರು ಎಡ ಬಲಗಳ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಎರಡೂ ಸೇರಿ ಹಳೆಯ ಒಂದು ಪಟ್ಟಿಯ ಜಾಗವನ್ನೇ ತುಂಬುವಂತೆ ಮಾಡಿದರು. ಆದ್ದರಿಂದ ಇಂಥ ಟೇಪಿನಲ್ಲಿ ಎರಡು ಕಡೆಗೂ ಒಂದೇ ಧ್ವನಿ ಬರಬೇಕು, ಪಾತ್ರಧಾರಿ ಎರಡು ಪೆಟ್ಟಿಗೆಗಳ ನಟ್ಟನಡುವೆ ನಿಂತು ಮಾತಾಡಬೇಕು. ಭೀಮನು ಎಡಕ್ಕೆ ವಾಲಿದರೆ ಬಲಗಡೆಯಲ್ಲಿ ಏನೋ ಊನವಿದೆಯೆಂದು ತಿಳಿಯತಕ್ಕದ್ದು.

ಉಳಿದ ರೋಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಾಡು ನಿಧಾನವಾಗಿ, ತೂಗಾಡುತ್ತ ಬಂದರೆ ಬಹುಶಃ ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿದೆ. ಪೆಟ್ಟಿಗೆ ಜರಜರ ಎಂದರೆ ಕಾಗದದ ಸುತ್ತಲಿನ ಸ್ಪಂಜಿನ ಅಂಚು ಕೊಳೆತಿರಬಹುದು; ಹತ್ತಿಪ್ಪತ್ತು ವರ್ಷಗಳಲ್ಲಿ ಅದು ತಾನಾಗಿಯೇ ಪುಡಿಯಾಗುತ್ತದೆ, ಅಂಚನ್ನಷ್ಟೇ ಬದಲಿಸಬಹುದು. ಪೆಟ್ಟಿಗೆಯ ಮುಂದಿನ ದುಂಡು ರಂಧ್ರದಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯೇ ನೋಡುವುದೂ ಒಳ್ಳೆಯದು. ಸತತವಾಗಿ ‘ಹುಂ’ ಎನ್ನುವ ಸದ್ದು ನಮ್ಮ ಮನೆಗಳಿಗೆ ಬರುವ 50 ಆವರ್ತನದ ವಿದ್ಯುತ್ತಿನದು. ಪಿನ್ನು ಸಡಿಲವಾಗಿದ್ದರೂ, ಅರ್ಥಿಂಗು ಸರಿಯಿಲ್ಲದಿದ್ದರೂ ಅದು ಬರಬಹುದು. ಬೇಸಿಗೆಯಲ್ಲಿ ನೆಲ ಒಣಗಿದಷ್ಟೂ ಅರ್ಥಿಂಗು ದುರ್ಬಲ. ಅದರ ಗುಂಡಿಗೆ ಹಿರಿಯರು ಉಪ್ಪು ಇದ್ದಿಲು ಹಾಕಿ ನೀರು ಬಿಡುತ್ತಿದ್ದುದು ಮೂಢನಂಬಿಕೆಯಲ್ಲ.

ಇನ್ನು ಕ್ಯಾಸೆಟ್ಟು. ಅದರ ಹಿಂಬದಿಯ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ಕಿನ ಹಲ್ಲುಗಳಿರುತ್ತವೆ. ಇವನ್ನು ಮುರಿದರೆ ಸಾಧಾರಣವಾಗಿ ಯಂತ್ರಗಳಲ್ಲಿ ಅದರ ಮೇಲೆ ಬೇರೆ ಧ್ವನಿ ತುಂಬಲು ಬಾರದು. ಮುರಿಯದೆ ಬಿಟ್ಟು, ಮಕ್ಕಳು ಆಟದ ಮೇಲೆ ಸಿನಿಮಾ ಹಾಡು ತುಂಬಿಸಿದ ಮನೆಗಳು ನಮ್ಮ ಓಣಿಯಲ್ಲಿಯೇ ಇವೆ. ಈ ಲೇಖನವನ್ನು ಓದಿದವರು ಇಂದು ಸಂಜೆಯೇ ಆ ಎರಡು ಹಲ್ಲುಗಳನ್ನು ಮುರಿಯಲಿ. ಕ್ಯಾಸೆಟ್ಟನ್ನು ಸ್ಪೀಕರಿನ ಮೇಲೆ ಇಡಕೂಡದು, ಒಳಗೆ ಅಯಸ್ಕಾಂತವಿದೆ. ತಗಡಿನ ಮಾಡಿನ ಕೆಳಗೂ ಬೇಡ. ಸೆಕೆ ಹೆಚ್ಚಿದಷ್ಟೂ ಸುರುಳಿಯ ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಅಂಟಿ, ಮಾತಿಗೆ ಮುಂಚೆಯೇ ಅದರ ನೆರಳು ಕೇಳತೊಡಗುತ್ತದೆ. ಬಹುಕಾಲ ಮುಟ್ಟದ ಕ್ಯಾಸೆಟ್ಟನ್ನು ನೇರವಾಗಿ ನುಡಿಸದೆ, ಮೊದಲು ಪೆನ್ಸಿಲಿನಿಂದ ನಾಲ್ಕು ಸುತ್ತು ತಿರುಗಿಸಿ ಸಲೀಸಾಗಿದೆಯೆಂದು ನೋಡಿ, ಆಮೇಲೆ ಈ ತುದಿಯಿಂದ ಆ ತುದಿಗೆ ಒಮ್ಮೆ ಓಡಿಸಿ ತರಬೇಕು.

ಪ್ರತಿ ಮಾಡುವವರು ಫೋನನ್ನು ಸ್ಪೀಕರಿನ ಮುಂದೆ ಹಿಡಿಯುವುದನ್ನು ನೋಡಿದ್ದೇನೆ. ಆಗ ಫ್ಯಾನಿನ ಸದ್ದೂ ಹೊರಗೆ ಹೋಗುವ ಟ್ರಾಕ್ಟರೂ ಆಟದೊಳಗೆ ಪಾತ್ರ ವಹಿಸುತ್ತವೆ. ಡೆಕ್ಕಿನ ಹಿಂದಿನ ‘ಲೈನ್ ಔಟ್’ ರಂಧ್ರದಿಂದ ತಂತಿಯ ಮೂಲಕ ಕಂಪ್ಯೂಟರಿಗೆ ಕೊಡುವುದೇ ಸರಿಯಾದ ಮಾರ್ಗ. ಹೆಡ್ಡು ಶುದ್ಧವಾದ ಮೇಲೆಯೂ ತಾಳ ಮಂಕಾಗಿದ್ದರೆ, ತುಂಬಿಸಿದ ಯಂತ್ರದ ಹೆಡ್ಡಿಗೂ ನಮ್ಮದಕ್ಕೂ ಓರೆ ಬೇರೆ ಎಂದು ಅರ್ಥ. ಹೆಡ್ಡಿನ ಪಕ್ಕದ ಸ್ಪ್ರಿಂಗಿನ ಮೊಳೆಯನ್ನು, ಅಯಸ್ಕಾಂತ ಗುಣವಿಲ್ಲದ ಸಣ್ಣ ಸ್ಕ್ರೂಡ್ರೈವರಿನಿಂದ, ಧ್ವನಿ ಕೇಳುತ್ತಲೇ ಕೂದಲೆಳೆಯಷ್ಟು ತಿರುಗಿಸಿದರೆ ತಾಳ ಥಟ್ಟನೆ ಬಿಚ್ಚಿಕೊಳ್ಳುತ್ತದೆ. ತಿರುಗಿಸುವ ಮೊದಲು ಮೊಳೆಯ ಮೂಲ ಸ್ಥಾನವನ್ನು ಗುರುತು ಮಾಡಿಕೊಂಡಿರಬೇಕು. ಸಿಡಿಯ ಗುಣಮಟ್ಟದಲ್ಲಿ ಒಂದು ಗಂಟೆಯ ಧ್ವನಿಗೆ ಸುಮಾರು 635 ಮೆಗಾಬೈಟು ಬೇಕು; ನಮ್ಮ ಮೂರು ಕ್ಯಾಸೆಟ್ಟುಗಳೂ ಸೇರಿ ಮೂರು ಗಿಗಾಬೈಟು ತುಂಬಲಿಲ್ಲ. ಒಂದು ಪ್ರತಿ ನಮ್ಮಲ್ಲಿದೆ. ಇನ್ನೊಂದನ್ನು, ಅಂದು ಕೀಚಕನ ಪಾತ್ರ ಕಟ್ಟಿದ್ದವರ ಮನೆಗೆ ಕೊಟ್ಟಿದ್ದೇವೆ.