ಪುಸ್ತಕದಲ್ಲಿದ್ದ ಯುದ್ಧ ತೆರೆಯ ಮೇಲೆ ಎಲ್ಲಿ ಹೋಯಿತು?

ದಸರಾ ರಜೆಯಲ್ಲಿ ಒಂದು ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರೆಲ್ಲ ಭಾಯಿಯ ಫೋನನ್ನು ಟಿವಿಗೆ ಜೋಡಿಸಿಕೊಂಡು ಸಿನಿಮಾ ನೋಡಲು ಕುಳಿತೆವು. ಆರಿಸಿದ್ದು ನಾನು. ಸಿನಿಮಾದ ಹೆಸರು 'ವಾರ್ ಆಫ್ ದಿ ವರ್ಲ್ಡ್ಸ್', 2025ರ ಜುಲೈ ಕೊನೆಯಲ್ಲಿ ಪ್ರೈಮ್ ವಿಡಿಯೊದಲ್ಲಿ ಬಂದದ್ದು. ಎಚ್.ಜಿ. ವೆಲ್ಸ್ ಬರೆದ ಮೂಲ ಕಾದಂಬರಿಯನ್ನು ನಾನು ಅಷ್ಟರಲ್ಲಿ ಓದಿ ಮುಗಿಸಿದ್ದೆ. ಬಂಗಾರಪೇಟೆಗೂ ಕೆಜಿಎಫ್‌ಗೂ ದಿನಾ ರೈಲಿನಲ್ಲಿ ಓಡಾಡುವಾಗ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ ಪುಸ್ತಕ ಅದು. ಮೂರು ವಾರ ಹಿಡಿದಿತ್ತು. ಮನೆಯವರಿಗೆಲ್ಲ ಅದರ ಕಥೆ ಹೇಳಿ ಹೇಳಿ ಆಸೆ ಹುಟ್ಟಿಸಿದ್ದೂ ನಾನೇ.

ಅರ್ಧ ಗಂಟೆಯಲ್ಲಿ ಅಮ್ಮಿ ಎದ್ದು ಅಡುಗೆಮನೆಗೆ ಹೋದರು. ಭಾಯಿ ಅಲ್ಲೇ ನಿದ್ದೆ ಹೋದ. ಕೊನೆಯವರೆಗೂ ಕುಳಿತದ್ದು ದಾದಾ ಮತ್ತು ನಾನು. ಇಂಗ್ಲಿಷ್ ಮಾತುಗಳಿಗೆ ನಾನು ಅರ್ಥ ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಸಿನಿಮಾ ಮುಗಿದಾಗ ದಾದಾ ಒಂದೇ ಪ್ರಶ್ನೆ ಕೇಳಿದರು: "ಇಸ್ಮೆ ಜಂಗ್ ಕಿಧರ್ ಹೈ ಬೇಟಾ?" ಇದರಲ್ಲಿ ಯುದ್ಧ ಎಲ್ಲಿದೆ ಮಗಳೇ?

ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿನಿ, ಸಿನಿಮಾ ವಿಮರ್ಶೆ ಬಲ್ಲವಳಲ್ಲ. ಆದರೆ ಇಷ್ಟಪಟ್ಟು ಓದಿದ ಕಥೆ ತೆರೆಯ ಮೇಲೆ ಕೆಟ್ಟರೆ ಅಷ್ಟೊಂದು ಬೇಸರ ಏಕಾಗುತ್ತದೆ ಎಂದು ಆಮೇಲೆ ಬಹಳ ಯೋಚಿಸಿದೆ, ಅಲ್ಲಲ್ಲಿ ಓದಿದೆ. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಪುಸ್ತಕದಲ್ಲಿ ಏನಿದೆ?

ಕಾದಂಬರಿ ಪುಸ್ತಕವಾಗಿ ಬಂದದ್ದು 1898ರಲ್ಲಿ. ಇಂಗ್ಲೆಂಡಿನ ವೋಕಿಂಗ್ ಎಂಬ ಊರಿನ ಹತ್ತಿರದ ಬಯಲಿಗೆ ಮಂಗಳ ಗ್ರಹದಿಂದ ಒಂದು ದೊಡ್ಡ ಸಿಲಿಂಡರ್ ಬಂದು ಬೀಳುತ್ತದೆ. ಜನ ಜಾತ್ರೆಗೆ ಬಂದಂತೆ ನೋಡಲು ಬರುತ್ತಾರೆ. ಬಿಳಿ ಬಾವುಟ ಹಿಡಿದು ಮಾತಾಡಲು ಹತ್ತಿರ ಹೋದವರನ್ನು ಒಳಗಿನಿಂದ ಬಂದ ಉಷ್ಣಕಿರಣ ಸುಟ್ಟುಹಾಕುತ್ತದೆ. ಆಮೇಲೆ ಮೂರು ಕಾಲಿನ ಎತ್ತರದ ಯಂತ್ರಗಳು ಊರೂರು ತುಳಿಯುತ್ತಾ ಲಂಡನ್ ಕಡೆಗೆ ನಡೆಯುತ್ತವೆ. ಆ ಕಾಲದ ಜಗತ್ತಿನಲ್ಲೇ ಬಲಿಷ್ಠವಾಗಿದ್ದ ದೇಶದ ಸೈನ್ಯಕ್ಕೆ ಅವನ್ನು ತಡೆಯಲು ಆಗುವುದಿಲ್ಲ. ಕೊನೆಗೆ ಮಂಗಳದವರು ಸಾಯುವುದು ಯಾವ ತೋಪಿನಿಂದಲೂ ಅಲ್ಲ, ನಮ್ಮ ಭೂಮಿಯ ಬ್ಯಾಕ್ಟೀರಿಯಾದಿಂದ.

ಮೊದಲ ಅಧ್ಯಾಯದಲ್ಲೇ ವೆಲ್ಸ್ ಒಂದು ಮಾತು ಹೇಳುತ್ತಾರೆ. ಮಂಗಳದವರನ್ನು ಕ್ರೂರಿಗಳೆಂದು ಬೈಯುವ ಮೊದಲು ನಮ್ಮವರು ಟಾಸ್ಮೇನಿಯಾ ದ್ವೀಪದ ಮೂಲ ನಿವಾಸಿಗಳಿಗೆ ಮಾಡಿದ್ದನ್ನು ನೆನಪಿಸಿಕೊಳ್ಳಿ ಎಂಬ ಅರ್ಥದ ಮಾತು ಅದು. ಅಂದರೆ ಇಂಗ್ಲಿಷರು ಬೇರೆಯವರ ನೆಲಕ್ಕೆ ಹೋಗಿ ಮಾಡಿದ್ದನ್ನೇ ಇನ್ನೊಬ್ಬರು ಬಂದು ಇಂಗ್ಲಿಷರಿಗೆ ಮಾಡಿದರೆ ಹೇಗಿರುತ್ತದೆ? ಕಥೆಯ ಬೇರು ಈ ಪ್ರಶ್ನೆಯಲ್ಲಿದೆ. ಉಷ್ಣಕಿರಣ, ಯಂತ್ರ ಎಲ್ಲ ಅದರ ಕೊಂಬೆಗಳು.

ತೆರೆಯ ಮೇಲೆ ಏನಾಯಿತು?

2025ರ ಚಿತ್ರದಲ್ಲಿ ಐಸ್ ಕ್ಯೂಬ್ ಎಂಬ ನಟ ಅಮೆರಿಕದ ಭದ್ರತಾ ಇಲಾಖೆಯ ಅಧಿಕಾರಿ. ಹೆಚ್ಚುಕಡಿಮೆ ಇಡೀ ಚಿತ್ರದಲ್ಲಿ ಅವರು ಕಂಪ್ಯೂಟರ್ ಮುಂದೆ ಕುಳಿತಿರುತ್ತಾರೆ. ನಾವು ನೋಡುವುದು ಆ ಕಂಪ್ಯೂಟರಿನ ಪರದೆಯನ್ನು: ವಿಡಿಯೊ ಕಾಲ್, ಮೆಸೇಜ್, ಕಣ್ಗಾವಲು ಕ್ಯಾಮೆರಾ. ಲೋಕ ಹಾಳಾಗುತ್ತಿರುವುದು ಸಣ್ಣ ಸಣ್ಣ ಕಿಟಕಿಗಳಲ್ಲಿ ಕಾಣುತ್ತದೆ. ಬಂದ ಅನ್ಯಲೋಕದವರಿಗೆ ಬೇಕಾಗಿರುವುದು ನಮ್ಮ ಡೇಟಾ. ಅವರನ್ನು ಸೋಲಿಸುವುದೂ ಒಂದು ಕಂಪ್ಯೂಟರ್ ಕೋಡ್. ನಿರ್ಣಾಯಕ ಘಳಿಗೆಯಲ್ಲಿ ನಾಯಕನಿಗೆ ಬೇಕಾದ ಪೆನ್‌ಡ್ರೈವ್ ತಂದುಕೊಡುವುದು ಚಿತ್ರ ತೋರಿಸುವ ಕಂಪನಿಯದೇ ಡೆಲಿವರಿ ಡ್ರೋನ್! ಬಿಡುಗಡೆಯಾದ ಮೊದಲ ದಿನಗಳಲ್ಲಿ ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್‌ನಲ್ಲಿ ಇದಕ್ಕೆ ಸಿಕ್ಕಿದ ಅಂಕ ಸೊನ್ನೆ. ಇದು ಸಿನಿಮಾವೋ ಜಾಹೀರಾತೋ ಎಂದು ಎಷ್ಟೋ ಜನ ಕೇಳಿದರು.

ನ್ಯಾಯವಾಗಿ ಹೇಳಬೇಕೆಂದರೆ ಇದನ್ನು ಚಿತ್ರೀಕರಿಸಿದ್ದು 2020ರ ಕೊರೊನಾ ಕಾಲದಲ್ಲಿ. ಎಲ್ಲರೂ ಒಂದೆಡೆ ಸೇರುವಂತಿರಲಿಲ್ಲ. ಪರದೆಯ ಮೇಲೆ ಪರದೆ ತೋರಿಸುವ ಉಪಾಯ ಆ ಕಷ್ಟಕ್ಕೆ ಹೊಂದುತ್ತಿತ್ತು. ಹಾಗಾದರೆ ದುಡ್ಡು, ಅನುಕೂಲ ಎರಡೂ ಕಡಿಮೆ ಇದ್ದದ್ದೇ ಸೋಲಿಗೆ ಕಾರಣವೇ? ಮೊದಲು ನಾನೂ ಹಾಗೆಯೇ ಅಂದುಕೊಂಡೆ.

ದುಡ್ಡಿನ ಲೆಕ್ಕ

ಲೇಖಕ ಒಂದು ಸಾಲಿನಲ್ಲಿ ನೂರು ಯಂತ್ರಗಳನ್ನು ನಡೆಸಬಹುದು. ಅವನಿಗೆ ಖರ್ಚಾಗುವುದು ಒಂದಿಷ್ಟು ಇಂಕು. ಉಳಿದದ್ದನ್ನು ಓದುವವರ ತಲೆಯೇ ಕಟ್ಟಿಕೊಳ್ಳುತ್ತದೆ. ತೆರೆಗೆ ಬಂದ ಕೂಡಲೇ ಪ್ರತಿ ಯಂತ್ರಕ್ಕೂ ಒಂದು ಬಿಲ್ ಬರುತ್ತದೆ. ನಾಟಕದ ಧಾರಾವಾಹಿಗಾದರೆ ಒಂದು ಮನೆಯ ಸೆಟ್ ಹಾಕಿದರೆ ನೂರು ಕಂತಿಗೆ ಆಗುತ್ತದೆ, ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ಸ್ಥಿರ ವೆಚ್ಚ ಹಂಚಿಹೋಗುತ್ತದೆ. ವಿಜ್ಞಾನ ಕಥೆಯಲ್ಲಿ ಹೊಸ ದೃಶ್ಯಕ್ಕೆ ಹೊಸ ಲೋಕ ಬೇಕು. ಅದಕ್ಕೇ ಟಿವಿಯವರು ಯಂತ್ರಗಳ ಸಂಖ್ಯೆ ಇಳಿಸುತ್ತಾರೆ, ಹೊರಗಿನ ದೃಶ್ಯವನ್ನು ಒಳಗೆ ತರುತ್ತಾರೆ, ನಡೆಯಬೇಕಾದದ್ದನ್ನು ಮಾತಿನಲ್ಲಿ ಹೇಳಿಸಿ ಮುಗಿಸುತ್ತಾರೆ.

ಆದರೆ ಕೊರತೆಯಿಂದ ಒಳ್ಳೆಯದೂ ಹುಟ್ಟಿದೆ. 1966ರಲ್ಲಿ ಅಮೆರಿಕದಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಧಾರಾವಾಹಿಯಲ್ಲಿ ಪ್ರತಿ ವಾರ ನೌಕೆಯನ್ನು ಹೊಸ ಗ್ರಹದ ಮೇಲೆ ಇಳಿಸಿ ತೋರಿಸಲು ದುಡ್ಡು ಸಾಲುತ್ತಿರಲಿಲ್ಲ. ಅದಕ್ಕೆ ಜನರನ್ನು ಬೆಳಕಿನ ಕಣಗಳಾಗಿ ಕರಗಿಸಿ ಕೆಳಗೆ ಇಳಿಸುವ ಯಂತ್ರವನ್ನು ಕಥೆಗೆ ತಂದರು. ಇವತ್ತು ಆ ಧಾರಾವಾಹಿಯೆಂದರೆ ಜನರಿಗೆ ಮೊದಲು ನೆನಪಾಗುವ ಸಂಗತಿಗಳಲ್ಲಿ ಅದೂ ಒಂದು. ನಮ್ಮಲ್ಲಿ 1998ರಲ್ಲಿ ದೂರದರ್ಶನದಲ್ಲಿ ಬಂದ, ಕೇತನ್ ಮೆಹ್ತಾ ನಿರ್ದೇಶಿಸಿದ 'ಕ್ಯಾಪ್ಟನ್ ವ್ಯೋಮ್' ಹೆಸರು ಎತ್ತಿದರೆ ಸಾಕು, ಅಬ್ಬಾ ಮುಖ ಅರಳುತ್ತದೆ. ಅದರ ತುಣುಕುಗಳನ್ನು ನಾನು ನೋಡಿದೆ. ಗ್ರಾಫಿಕ್ಸ್ ಇಂದಿನ ಮೊಬೈಲ್ ಆಟದಷ್ಟೂ ಇಲ್ಲ. "ಆದರೂ ನಿಮಗೆ ಹೇಗೆ ಇಷ್ಟವಾಯಿತು?" ಎಂದೆ. "ಅವರು ನಗುತ್ತಾ ಮಾಡಲಿಲ್ಲ, ನಿಜ ಅಂದುಕೊಂಡು ಮಾಡಿದರು" ಎಂದರು ಅಬ್ಬಾ.

ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ ಉದಾಹರಣೆಯನ್ನೇ ನೋಡಿ. ಅವರ 'ಗೈಡ್' ಕಾದಂಬರಿ 1965ರಲ್ಲಿ ದೊಡ್ಡ ತಾರೆಯರ ಹಿಂದಿ ಚಿತ್ರವಾಯಿತು. ಜನ ಮೆಚ್ಚಿದರು, ಲೇಖಕರಿಗೆ ಮಾತ್ರ ಹಿಡಿಸಲಿಲ್ಲ. ತಮ್ಮ ಪುಟ್ಟ ಮಾಲ್ಗುಡಿ ರಾಜಸ್ಥಾನಕ್ಕೆ ಹೋದದ್ದರ ಬಗ್ಗೆ ಅವರು ಪ್ರಬಂಧವನ್ನೇ ಬರೆದರು. 1980ರ ದಶಕದಲ್ಲಿ ಶಂಕರ್‌ನಾಗ್ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಮಾಡಿದಾಗ ಆಗುಂಬೆಯ ಬೀದಿಯೇ ಮಾಲ್ಗುಡಿಯಾಯಿತು. ಆಡಂಬರ ಇಲ್ಲ, ಕಥೆಯ ಅಳತೆಗೆ ತಕ್ಕ ಊರು ಇತ್ತು. ಇವು ವಿಜ್ಞಾನ ಕಥೆಗಳಲ್ಲ. ಆದರೆ ಖರ್ಚಿಗೂ ನಂಬಿಕೆಗೂ ನೇರ ಸಂಬಂಧವಿಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಿಗುವ ಸಾಕ್ಷಿ.

ಕಾಲವನ್ನು ಉಳಿಸಿಕೊಂಡರೂ ತಪ್ಪಿದ ಹದ

2019ರಲ್ಲಿ ಬಿಬಿಸಿ ಇದೇ ಕಾದಂಬರಿಯನ್ನು ಮೂರು ಕಂತುಗಳಲ್ಲಿ ಮಾಡಿತು. ಕಥೆಯನ್ನು ಇಂದಿನ ಅಮೆರಿಕಕ್ಕೆ ಒಯ್ಯಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದ ಇಂಗ್ಲೆಂಡಿನಲ್ಲೇ ಇಟ್ಟರು, ಸಾಮ್ರಾಜ್ಯದ ಪ್ರಶ್ನೆಯನ್ನೂ ಬಿಡಲಿಲ್ಲ. ಆದರೂ ಬಹಳ ಪ್ರೇಕ್ಷಕರು ನಿರಾಶರಾದರು. ಒಂದು ಕಾರಣ ನನಗೆ ಹೀಗೆ ತೋರುತ್ತದೆ. ದಾಳಿ ನಡೆಯುತ್ತಿರುವಾಗಲೇ ನಡುನಡುವೆ ಕೆಲವು ವರ್ಷಗಳ ನಂತರದ ದೃಶ್ಯಗಳು ಬರುತ್ತವೆ. ನಾಯಕಿ ಅಲ್ಲಿ ಮಗನ ಜೊತೆ ಬದುಕಿರುತ್ತಾಳೆ. ಅವಳು ಉಳಿಯುತ್ತಾಳೆಂದು ಮೊದಲೇ ತಿಳಿದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಪುಸ್ತಕದಲ್ಲಿ ಭಯ ಒಂದೊಂದೇ ಮೆಟ್ಟಿಲು ಏರುತ್ತದೆ: ಮೊದಲು ಕುತೂಹಲ, ಆಮೇಲೆ ಸುದ್ದಿ, ಆಮೇಲೆ ಓಟ. ಮೆಟ್ಟಿಲುಗಳನ್ನು ಕಲಸಿದರೆ ಏರುವುದು ಹೇಗೆ?

ಕಣ್ಣಿಗೆ ಕಾಣದ ಯುದ್ಧ

ಈಗ ಇನ್ನೊಂದು ಬದಿ ನೋಡೋಣ. 1938ರ ಅಕ್ಟೋಬರ್ 30ರ ರಾತ್ರಿ ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ ಆರ್ಸನ್ ವೆಲ್ಸ್ ಎಂಬ 23 ವರ್ಷದ ಯುವಕ ಈ ಕಾದಂಬರಿಯನ್ನು ನಾಟಕವಾಗಿ ಪ್ರಸಾರ ಮಾಡಿದ. ಹೆಸರು ಹೋಲುತ್ತದೆ, ಆದರೆ ಲೇಖಕರಿಗೆ ಸಂಬಂಧಿಕನಲ್ಲ. ಅವನ ತಂಡವೂ ಕಥೆಯನ್ನು ಅಮೆರಿಕದ ನ್ಯೂಜೆರ್ಸಿಗೆ ಬದಲಿಸಿತ್ತು. ನಾಟಕದ ಮೊದಲ ಭಾಗ ವಾರ್ತೆಯ ರೂಪದಲ್ಲಿತ್ತು. ಸಂಗೀತ ಬರುತ್ತಿರುತ್ತದೆ, ನಡುವೆ ಅದನ್ನು ನಿಲ್ಲಿಸಿ ತುರ್ತು ಸುದ್ದಿ. ಮತ್ತೆ ಸಂಗೀತ, ಮತ್ತೆ ಸುದ್ದಿ. ಸ್ಥಳದಿಂದ ಮಾತಾಡುತ್ತಿದ್ದ ವರದಿಗಾರನ ದನಿ ಒಮ್ಮೆಗೇ ನಿಂತುಹೋಗುತ್ತದೆ. ಆಮೇಲೆ ಬರೀ ಮೌನ.

ಕೇಳುಗರಲ್ಲಿ ಕೆಲವರು ಇದನ್ನು ನಿಜವೆಂದೇ ನಂಬಿದರು. ದೇಶವೇ ಬೀದಿಗೆ ಓಡಿತು ಎಂದು ಮರುದಿನದ ಪತ್ರಿಕೆಗಳು ಬರೆದವು. ಅದು ಅತಿಶಯ ಎಂದು ಆಮೇಲೆ ಅಧ್ಯಯನ ಮಾಡಿದವರು ಹೇಳಿದ್ದಾರೆ. ಅತಿಶಯವನ್ನು ಕಳೆದರೂ ಒಂದು ಮಾತು ಉಳಿಯುತ್ತದೆ. ಅಲ್ಲಿ ಒಂದೂ ಯಂತ್ರ ಕಾಣಲಿಲ್ಲ, ಆದರೂ ಜನ ಉಸಿರು ಬಿಗಿಹಿಡಿದು ಕೇಳಿದರು.

2025ರ ಚಿತ್ರವೂ 1938ರ ನಾಟಕದಂತೆಯೇ ತನ್ನ ಕಾಲದ ಮಾಧ್ಯಮದ ವೇಷ ಹಾಕಿತ್ತು. ಅಲ್ಲಿ ರೇಡಿಯೊ ಸುದ್ದಿ, ಇಲ್ಲಿ ವಿಡಿಯೊ ಕಾಲ್. ಕಥೆಯನ್ನು ಬೇರೆ ಊರಿಗೆ, ಬೇರೆ ಕಾಲಕ್ಕೆ ತಂದದ್ದು ತಪ್ಪಾಗಿದ್ದರೆ ಎರಡೂ ಸೋಲಬೇಕಿತ್ತು. ಗೆದ್ದದ್ದು ವರದಿಗಾರನ ದನಿ ನಡುಗಿದ ನಾಟಕ. ಲೋಕ ಮುಳುಗುತ್ತಿರುವಾಗ ಗಿಫ್ಟ್ ಕಾರ್ಡಿನ ಮಾತಾಡಿದ ಚಿತ್ರವನ್ನು ಜನ ನಂಬಲಿಲ್ಲ. ದಾದಾ ಕೇಳಿದ ಜಂಗ್ ಎಂದರೆ ಬಾಂಬು, ಹೊಗೆ ಅಲ್ಲ. ಮನುಷ್ಯರು ನಿಜವಾಗಿ ಏನನ್ನೋ ಕಳೆದುಕೊಳ್ಳುತ್ತಿದ್ದಾರೆ ಎಂಬ ಭಾವನೆ. ಅದು ಆ ಚಿತ್ರದಲ್ಲಿ ಇರಲಿಲ್ಲ.

ಇದು ನಮ್ಮ ಊರಿನ ಕಥೆಯೂ ಹೌದು

ಮರುದಿನ ದಾದಾಗೆ ಪುಸ್ತಕದ ಮೊದಲ ಅಧ್ಯಾಯವನ್ನು ನಿಧಾನವಾಗಿ ಅರ್ಥ ಹೇಳುತ್ತಾ ಓದಿದೆ. ಅವರು ಗಣಿಯ ವರ್ಕ್‌ಶಾಪಿನಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ದಿನವೂ ಅಲ್ಲಿದ್ದವರು. ಕೇಳಿ ಮುಗಿಸಿ, "ಇದು ನಮಗೆ ಗೊತ್ತಿರುವ ಕಥೆ" ಎಂದರು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಸಮುದ್ರದಾಚೆಯಿಂದ ಯಂತ್ರ ತಂದು ಇಲ್ಲಿ ನೆಲ ಅಗೆಯಲು ಶುರುಮಾಡಿದರು. 1902ರಲ್ಲಿ ಶಿವನಸಮುದ್ರದಿಂದ ಇಷ್ಟು ದೂರ ತಂತಿ ಎಳೆದು ಗಣಿಗೆ ಕರೆಂಟ್ ತಂದರು. ಸಾವಿರಾರು ಮನೆಗಳಿಗೆ ಅನ್ನ ಸಿಕ್ಕಿತು, ಅದು ಸುಳ್ಳಲ್ಲ. ಚಿನ್ನ ಹೊರಟುಹೋಯಿತು, ಅದೂ ಸುಳ್ಳಲ್ಲ. ಉಳಿದದ್ದು ಸೈನೈಡ್ ಗುಡ್ಡಗಳು. ದೊಡ್ಡ ಯಂತ್ರದವರು ಬಂದು ನೆಲದೊಳಗಿನದನ್ನು ಒಯ್ಯುವುದು ಎಂದರೆ ಏನೆಂದು ಕೆಜಿಎಫ್‌ನವರಿಗೆ ಮಂಗಳದವರು ಬಂದು ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಸುಮಾರು 2,300 ಮೀಟರ್ ಆಳದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ನ್ಯೂಟ್ರಿನೊ ಎಂಬ ಕಣದ ಗುರುತು ಹಿಡಿದರು. ವಾತಾವರಣದಲ್ಲಿ ಹುಟ್ಟುವ ಈ ಕಣ ಪತ್ತೆಯಾದದ್ದು ಜಗತ್ತಿನಲ್ಲೇ ಅದು ಮೊದಲ ಸಲಗಳಲ್ಲೊಂದು. ಹೊರಗಿನವರಿಗೆ ಕೆಜಿಎಫ್ ಎಂದರೆ 2018ರ ಸಿನಿಮಾ. ಅದು ಕಲ್ಪಿತ ಕಥೆ, ತಾನು ಚರಿತ್ರೆ ಎಂದು ಅದು ಹೇಳಿಕೊಂಡಿಲ್ಲ. ಆದರೆ ಬೆಂಗಳೂರಿನ ನನ್ನ ಕಸಿನ್‌ಗಳು ಈಗಲೂ "ನಾರಾಚಿ ಎಲ್ಲಿದೆ ತೋರಿಸು" ಎನ್ನುತ್ತಾರೆ. ನ್ಯೂಟ್ರಿನೊ ಎಲ್ಲಿ ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ. ನಮ್ಮ ಕಥೆಯನ್ನು ನಾವು ಹೇಳದಿದ್ದರೆ ಬೇರೆಯವರು ಹೇಳಿದ್ದೇ ಉಳಿಯುತ್ತದೆ.

ಅದಕ್ಕೆ ಕೊನೆಯಲ್ಲಿ ಒಂದು ಕೋರಿಕೆ. ನಮ್ಮ ದೇಶದ ಕಾಯ್ದೆಯಂತೆ ಲೇಖಕ ತೀರಿಕೊಂಡ 60 ವರ್ಷಗಳ ನಂತರ ಅವನ ಪುಸ್ತಕದ ಹಕ್ಕುಸ್ವಾಮ್ಯ ಮುಗಿಯುತ್ತದೆ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ. ಅಂದರೆ ಈ ಕಾದಂಬರಿಯನ್ನು ಯಾರ ಅನುಮತಿಯೂ ಇಲ್ಲದೆ, ಒಂದು ಪೈಸೆ ಕೊಡದೆ ನಾವು ನಾಟಕ ಮಾಡಬಹುದು. 1938ರ ರೇಡಿಯೊ ನಾಟಕದ ಮಾತುಗಳನ್ನು ಮಾತ್ರ ನಕಲು ಮಾಡಬಾರದು, ನಮ್ಮ ಮಾತು ನಾವೇ ಬರೆಯಬೇಕು. ವಾರ್ಷಿಕೋತ್ಸವಕ್ಕೆ ಇಪ್ಪತ್ತು ನಿಮಿಷದ, ಕನ್ನಡದ ಶ್ರವಣ ನಾಟಕ. ಸಿಲಿಂಡರ್ ಬೀಳುವುದು ಸೈನೈಡ್ ಗುಡ್ಡದ ಮೇಲೆ. ಸುದ್ದಿ ಮೊದಲು ತಲುಪುವುದು ಬಂಗಾರಪೇಟೆ ಸ್ಟೇಷನ್ನಿಗೆ. ಅಲ್ಲಿ ಪಾನಿಪುರಿ ತಿನ್ನುತ್ತಾ ನಿಂತವರು ಮೊದಲು ನಂಬುವುದಿಲ್ಲ. ವೇದಿಕೆಯ ದೀಪ ಆರಿಸಿದರೆ ಸಾಕು. ಸೆಟ್ ಬೇಡ, ಗ್ರಾಫಿಕ್ಸ್ ಬೇಡ, ಒಂದು ಮೈಕು, ಏಳೆಂಟು ದನಿ, ಒಂದಿಷ್ಟು ತಗಡು.

ಗಣಿಯ ಪಂಜರ ಕೆಳಗಿಳಿಯುವ ಸದ್ದು ಹೇಗಿರುತ್ತಿತ್ತೆಂದು ದಾದಾ ತಾವೇ ಮಾಡಿ ತೋರಿಸುತ್ತೇನೆ ಎಂದಿದ್ದಾರೆ. ವಿಜ್ಞಾನ ವಿಭಾಗದವರು ಬೇಕು, ಕನ್ನಡ ಚೆನ್ನಾಗಿ ಬರೆಯುವವರು ಬೇಕು. ನನ್ನ ಕನ್ನಡದಲ್ಲಿ ಉರ್ದು ಇಣುಕುತ್ತದೆ ಎಂದು ಗೆಳತಿಯರು ನಗುತ್ತಾರೆ, ಅದನ್ನು ತಿದ್ದುವವರೂ ಬೇಕು. ಆಸಕ್ತಿ ಇದ್ದವರು ಲೈಬ್ರರಿಯ ಮೇಜಿನ ಮೇಲೆ ಇಟ್ಟಿರುವ ನೋಟ್‌ಬುಕ್ಕಿನಲ್ಲಿ ಹೆಸರು, ತರಗತಿ ಬರೆಯಿರಿ. ದಾದಾ ಮೊದಲ ಸಾಲಿನಲ್ಲಿ ಕೂರುತ್ತಾರೆ. ಈ ಸಲ ಜಂಗ್ ಎಲ್ಲಿದೆ ಎಂದು ಅವರು ಕೇಳಬಾರದು.