ಎಲುಬೆಂಬ ಬೊಕ್ಕಸ

ಸುಣ್ಣವೆಂದೊಡನೆ ನಮಗೆ ನೆನಪಾಗುವುದು ಗೋಡೆಗೆ ಬಳಿಯುವ ಬಿಳಿ ನೀರು, ಇಲ್ಲವೆ ತಾಂಬೂಲದ ತಟ್ಟೆಯ ಕರಡಿಗೆ. ಆ ಸುಣ್ಣದ ಮೂಲಧಾತುವಾದ ಕ್ಯಾಲ್ಸಿಯಂ ನಮ್ಮ ಒಡಲಿನಲ್ಲಿಯೂ ಉಂಟು. ಪ್ರಾಯಕ್ಕೆ ಬಂದ ಮನುಷ್ಯನ ದೇಹದಲ್ಲಿ ಅದರ ತೂಕ ಸುಮಾರು 1 ಕಿಲೋಗ್ರಾಂ. ಅದರಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲು ಮಾತ್ರ ರಕ್ತದಲ್ಲಿಯೂ ಮೃದುವಾದ ಅಂಗಗಳಲ್ಲಿಯೂ ಇರುವುದು. ಲೆಕ್ಕಕ್ಕೆ ಅತ್ಯಲ್ಪವಾದ ಈ ಪಾಲೇ ಪ್ರಾಣಾಧಾರವೆಂಬುದು ಸೋಜಿಗದ ಸಂಗತಿ. ಹೃದಯವು ಮಿಡಿಯುವುದಕ್ಕೆ, ಸ್ನಾಯುಗಳು ಸಂಕುಚಿಸುವುದಕ್ಕೆ, ನರಗಳು ಶಾಂತವಾಗಿರುವುದಕ್ಕೆ, ಗಾಯದ ನೆತ್ತರು ಹೆಪ್ಪುಗಟ್ಟುವುದಕ್ಕೆ ಅದು ಬೇಕೇ ಬೇಕು.

ಆದಕಾರಣ ದೇಹವು ರಕ್ತದೊಳಗಿನ ಕ್ಯಾಲ್ಸಿಯಂ ಅನ್ನು ಬಹು ಬಿಗಿಯಾಗಿ ಕಾಯುತ್ತದೆ. ಆರೋಗ್ಯವಂತರ 100 ಮಿಲಿಲೀಟರ್ ರಕ್ತರಸದಲ್ಲಿ ಅದು ಸುಮಾರು 8.5ರಿಂದ 10.5 ಮಿಲಿಗ್ರಾಂ ಇರುತ್ತದೆ. ಹಬ್ಬದೂಟ ಉಂಡರೂ ಏಕಾದಶಿಯ ಉಪವಾಸ ಹಿಡಿದರೂ ಈ ಮೇರೆಯನ್ನು ಅದು ಮೀರುವುದಿಲ್ಲ. ಇದನ್ನು ಕಾಯುವವರಾದರೂ ಯಾರು? ಕತ್ತಿನಲ್ಲಿ, ಥೈರಾಯಿಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಿರುವ, ಅಕ್ಕಿಯ ಕಾಳಿನಷ್ಟು ಗಾತ್ರದ, ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯಿಡ್ ಗ್ರಂಥಿಗಳು. ಇವು ಮೊದಲು ಕಣ್ಣಿಗೆ ಬಿದ್ದದ್ದು ಮನುಷ್ಯನಲ್ಲಲ್ಲ. 1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸತ್ತ, ನಮ್ಮ ಭಾರತದ ಖಡ್ಗಮೃಗವೊಂದನ್ನು ಕೊಯ್ದು ನೋಡಿದ ರಿಚರ್ಡ್ ಓವೆನ್ ಎಂಬ ಪಂಡಿತನು ಇಂಥ ಗ್ರಂಥಿಯನ್ನು ಕಂಡನು. ಮನುಷ್ಯನಲ್ಲಿ ಇವನ್ನು ಗುರುತಿಸಿ 1880ರಲ್ಲಿ ವಿವರಿಸಿದವನು ಸ್ವೀಡನ್ ದೇಶದ ಇವಾರ್ ಸಾಂಡ್‌ಸ್ಟ್ರೋಮ್.

ಈ ಗ್ರಂಥಿಗಳ ಕೆಲಸವು ಜಾಣ ಗೃಹಿಣಿಯ ಮನೆವಾರ್ತೆಯಂತಿದೆ. ರಕ್ತದಲ್ಲಿ ಕ್ಯಾಲ್ಸಿಯಂ ತುಸು ತಗ್ಗಿದೊಡನೆ ಇವು ತಮ್ಮ ರಸವನ್ನು ನೆತ್ತರಿಗೆ ಬಿಡುತ್ತವೆ. ಆ ರಸವು ಮೂರು ಕಡೆ ಕಾರ್ಯ ನಡೆಸುತ್ತದೆ. ಎಲುಬಿನ ಬೊಕ್ಕಸದಿಂದ ಒಂದಿಷ್ಟನ್ನು ತೆಗೆಸುತ್ತದೆ. ಮೂತ್ರದಲ್ಲಿ ಪೋಲಾಗುವುದನ್ನು ತಡೆಯುತ್ತದೆ. ಡಿ ಜೀವಸತ್ವವನ್ನು ಮೂತ್ರಪಿಂಡದಲ್ಲಿ ಹುರಿಗೊಳಿಸಿ, ಕರುಳು ಆಹಾರದಿಂದ ಹೆಚ್ಚು ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ರಕ್ತದ ಮಟ್ಟ ಸರಿಹೋದೊಡನೆ ಗ್ರಂಥಿಗಳು ಕೈ ಬಿಗಿಹಿಡಿಯುತ್ತವೆ. ಡಿ ಜೀವಸತ್ವವಾದರೋ ಬಹುಮಟ್ಟಿಗೆ ನಮ್ಮ ಚರ್ಮದಲ್ಲಿಯೇ ಬಿಸಿಲಿನ ಬಲದಿಂದ ಹುಟ್ಟತಕ್ಕದ್ದು.

ಗೃಹಸ್ಥರು ಮುಖ್ಯವಾಗಿ ತಿಳಿಯತಕ್ಕ ಮಾತು ಇಲ್ಲಿದೆ. ರಕ್ತಕ್ಕೂ ಎಲುಬಿಗೂ ಪೈಪೋಟಿ ಬಂದರೆ ದೇಹವು ರಕ್ತದ ಪಕ್ಷವನ್ನೇ ವಹಿಸುತ್ತದೆ. ಆಹಾರದಲ್ಲಿ ಕೊರತೆಯಾದರೆ ಎಲುಬನ್ನು ಕರಗಿಸಿಯಾದರೂ ರಕ್ತದ ಮಟ್ಟವನ್ನು ಉಳಿಸುತ್ತದೆ. ಆದುದರಿಂದ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆಯೆಂದು ಬಂದ ಮಾತ್ರಕ್ಕೆ ಎಲುಬು ಗಟ್ಟಿಯಾಗಿದೆಯೆಂದು ಭಾವಿಸಲಾಗದು. ಮುಪ್ಪಿನಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿದೊಡನೆ ತೊಡೆಯ ಎಲುಬು ಮುರಿಯುವುದು ಒಂದು ದಿನದ ಅನಾಹುತವಲ್ಲ. ಬೊಕ್ಕಸವು ವರ್ಷಗಟ್ಟಲೆ ಸದ್ದಿಲ್ಲದೆ ಬರಿದಾದುದರ ಫಲ.

ರಕ್ತದ ಮಟ್ಟವೇ ಇಳಿದರೆ ನರಗಳು ಕೆರಳುತ್ತವೆ. ತುಟಿಯ ಸುತ್ತಲೂ ಬೆರಳ ತುದಿಗಳಲ್ಲಿಯೂ ಜುಮುಜುಮು ಎನ್ನುವುದು, ಕೈಬೆರಳುಗಳು ಸೆಟೆದು ಕೊಕ್ಕಿನಂತಾಗುವುದು, ಕಡೆಗೆ ಸೆಳವು ಬರುವುದು ಇದರ ಲಕ್ಷಣಗಳು. ಬಿಸಿಲು ಕಾಣದೆ ಒಳಗೇ ಇರುವ ತಾಯಿಗೆ ಡಿ ಜೀವಸತ್ವದ ಕೊರತೆಯಿದ್ದರೆ ಅವಳ ಹಸುಗೂಸಿಗೂ ಅದು ತಗಲುತ್ತದೆ. ಅಂಥ ಕೂಸಿಗೆ ಸೆಳವು ಬರಬಹುದು. ಹಿರಿಯರು ಬಾಲಗ್ರಹವೆಂದು ಯಂತ್ರ ಕಟ್ಟಿಸುತ್ತಿದ್ದ ಕೂಸುಗಳಲ್ಲಿ ಕೆಲವಕ್ಕಾದರೂ ಇದೇ ಕಾರಣವಾಗಿದ್ದೀತು. ಸೆಳವಿಗೆ ಬೇರೆ ಕಾರಣಗಳೂ ಉಂಟು. ಯಾವುದೇ ಇರಲಿ, ಒಂದು ಗಳಿಗೆಯನ್ನೂ ಕಳೆಯದೆ ಕೂಸನ್ನು ವೈದ್ಯರ ಬಳಿಗೆ ಒಯ್ಯತಕ್ಕದ್ದು.

ಮಟ್ಟವು ಏರಿದರೂ ಕೇಡೇ. ನೀರಡಿಕೆ, ಮೇಲಿಂದ ಮೇಲೆ ಮೂತ್ರ, ಮಲಬದ್ಧತೆ, ಮನಸ್ಸಿನ ಜಡತೆ, ಎಲುಬು ನೋವು, ಮೂತ್ರಪಿಂಡದಲ್ಲಿ ಕಲ್ಲು ಇವು ಅದರ ಗುರುತುಗಳು. ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್‌ನ ಕಥೆ ವೈದ್ಯಲೋಕದಲ್ಲಿ ಪ್ರಸಿದ್ಧವಾದುದು. ಆರಡಿ ಮೀರಿದ ಆ ಆಜಾನುಬಾಹುವಿನ ಎಲುಬುಗಳು ಕೆಲವೇ ವರ್ಷಗಳಲ್ಲಿ ಕರಗಿ, ಎತ್ತರವು ಸುಮಾರು 7 ಅಂಗುಲ ಕುಗ್ಗಿತು. ಗ್ರಂಥಿಯೊಂದರಲ್ಲಿ ಬೆಳೆದ ಗಡ್ಡೆಯು ಹೊತ್ತುಗೊತ್ತಿಲ್ಲದೆ ರಸ ಸುರಿಸುತ್ತಿದ್ದುದೇ ಇದಕ್ಕೆ ಕಾರಣ. ಆರು ಸಲ ಶಸ್ತ್ರಚಿಕಿತ್ಸೆ ಮಾಡಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಏಳನೆಯ ಸಲ ಎದೆಯ ಗೂಡಿನಲ್ಲಿ ಸಿಕ್ಕಿತು. ಅದರ ಬಹುಭಾಗವನ್ನು ತೆಗೆದೊಡನೆ ಹಸಿದ ಎಲುಬುಗಳು ರಕ್ತದ ಕ್ಯಾಲ್ಸಿಯಂ ಅನ್ನೆಲ್ಲ ಹೀರತೊಡಗಿ, ಅತಿಯಿದ್ದಲ್ಲಿ ಕೊರತೆಯಾಯಿತು. ಕೆಲವೇ ವಾರಗಳಲ್ಲಿ ಆತನು ತೀರಿಕೊಂಡನು. ಇಂದು ಇಂಥ ಗಡ್ಡೆಯನ್ನು ರಕ್ತಪರೀಕ್ಷೆಯಿಂದ ಬೇಗ ಶಂಕಿಸಬಹುದು; ಶಸ್ತ್ರಚಿಕಿತ್ಸೆಯಿಂದ ಬಹುಮಂದಿ ಗುಣ ಹೊಂದುತ್ತಾರೆ.

ಹಾಗಾದರೆ ನಾವು ಮಾಡತಕ್ಕುದೇನು? ಸುಣ್ಣವನ್ನೇ ತಿನ್ನಬೇಕೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿದಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಹಾಲೂಡುವ ತಾಯಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ದೊರೆಯುವುದು. ಮೊಸರು, ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಹಿತ ತಿನ್ನುವ ಚಿಕ್ಕ ಮೀನು ಇವೂ ಒಳ್ಳೆಯವು. ಇವುಗಳ ಜೊತೆಗೆ ಮೈಮೇಲೆ ಬಿಸಿಲು ಬೀಳಲಿ, ಕೈಕಾಲಿಗೆ ದುಡಿಮೆಯಿರಲಿ. ಆದರೆ ನೆರೆಮನೆಯವರು ನುಂಗುತ್ತಾರೆಂದು ಗುಳಿಗೆಗಳನ್ನು ತಂದು ನುಂಗುವುದು ತರವಲ್ಲ. ಡಿ ಜೀವಸತ್ವವೂ ಅತಿಯಾದರೆ ವಿಷವೇ.

ಎಲುಬಿನ ಬೊಕ್ಕಸ ತುಂಬುವುದು ಬಾಲ್ಯದಲ್ಲಿಯೂ ಯೌವನದಲ್ಲಿಯೂ, ಸುಮಾರು 30ನೆಯ ವಯಸ್ಸಿನವರೆಗೆ. ಮುಂದೆ ವೆಚ್ಚವೇ ಹೆಚ್ಚು. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದುದನ್ನು ಉಣ್ಣುವ ತಾಯಂದಿರೂ, ತಮ್ಮನಿಗೆ ಹಾಲು ಬಿಟ್ಟುಕೊಡುವ ಹೆಣ್ಣುಮಕ್ಕಳೂ ಇರುವ ಮನೆಗಳಲ್ಲಿ ಈ ಲೆಕ್ಕವನ್ನು ಇಂದೇ ನೋಡಿಕೊಳ್ಳುವುದು ಒಳ್ಳೆಯದು.