ಲಕ್ವಾ ಹೊಡೆದಾಗ ದಾರಿ ತೋರುವ ಚಿತ್ರ

ತೊಗರಿ ಹೊಲದಿಂದ ಬಂದ ಹಿರಿಯರ ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾಗಿ ಒಂದು ಕೈ ಜೋತುಬಿದ್ದರೆ, ಸೇಡಂ, ಚಿಂಚೋಳಿ ಕಡೆಯ ಮನೆಗಳಲ್ಲಿ ಬರುವ ಮೊದಲ ಮಾತು ‘ಲಕ್ವಾ ಹೊಡೀತು’. ಮಾತು ನಿಜ. ಆದರೆ ಆ ಒಂದೇ ಹೆಸರಿನಲ್ಲಿ ಎರಡು ಕಾಯಿಲೆಗಳು ಅಡಗಿವೆ. ಒಂದರಲ್ಲಿ ಮೆದುಳಿನ ನಾಳಕ್ಕೆ ರಕ್ತದ ಹೆಪ್ಪು ಸಿಕ್ಕಿಕೊಳ್ಳುತ್ತದೆ. ಇನ್ನೊಂದರಲ್ಲಿ ನಾಳವೇ ಒಡೆಯುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲನೆಯವರನ್ನು ಎಬ್ಬಿಸಿ ನಡೆಸಬಹುದು, ಎರಡನೆಯವರ ಜೀವ ತೆಗೆಯಬಹುದು. ಮೈ ಮುಟ್ಟಿ ನೋಡಿ ಇದು ಯಾವುದೆಂದು ಪಳಗಿದ ವೈದ್ಯರೂ ಖಚಿತವಾಗಿ ಹೇಳಲಾರರು. ಸಿಟಿ ಸ್ಕ್ಯಾನ್ ಬೇಕಾಗುವುದು ಇಲ್ಲೇ.

ಶಹಾಬಾದಿನ ಪರಸಿ ಪದರು ಪದರಾಗಿ ಏಳುವುದನ್ನು ಕಂಡವರಿಗೆ ಈ ಯಂತ್ರದ ಕೆಲಸ ಸುಲಭವಾಗಿ ತಿಳಿಯುತ್ತದೆ. ಕ್ಷಕಿರಣ ತಲೆಯ ಸುತ್ತ ತಿರುಗುತ್ತದೆ, ಕಂಪ್ಯೂಟರು ಮೆದುಳನ್ನು ಪದರು ಪದರಾಗಿ ತೋರಿಸುತ್ತದೆ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆ ನೋಡಿತು. 1979ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಆ ಕೆಲಸಕ್ಕೆ ಕೆಲವೇ ನಿಮಿಷ ಸಾಕು.

ಹೊಸದಾಗಿ ಸೋರಿದ ರಕ್ತ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಹೆಪ್ಪಿನ ಲಕ್ವಾದಲ್ಲಿ ಮೊದಲ ಗಂಟೆಗಳಲ್ಲಿ ಹೆಚ್ಚೇನೂ ಕಾಣದಿರಬಹುದು. ‘ಸ್ಕ್ಯಾನ್ ನಾರ್ಮಲ್ ಅಂತಾರ, ಮತ್ಯಾಕ ಕೈ ಏಳವಲ್ದು?’ ಎಂದು ಮನೆಯವರು ಗಾಬರಿಯಾಗುವುದು ಸಹಜ. ಆದರೆ ವೈದ್ಯರಿಗೆ ಆ ‘ನಾರ್ಮಲ್’ ಬಲು ಬೆಲೆಯ ಉತ್ತರ: ರಕ್ತ ಸೋರಿಲ್ಲ, ಚುಚ್ಚುಮದ್ದಿನ ದಾರಿ ತೆರೆದಿರಬಹುದು. ಸಾಮಾನ್ಯವಾಗಿ ಆ ದಾರಿ ನಾಲ್ಕೂವರೆ ಗಂಟೆಯವರೆಗೆ ಮಾತ್ರ. ದೊಡ್ಡ ನಾಳವೇ ಕಟ್ಟಿದ್ದರೆ, ಔಷಧ ಹರಿಸಿ ತೆಗೆದ ಚಿತ್ರ ಅದನ್ನು ತೋರಿಸುತ್ತದೆ. ತೊಡೆಸಂದಿಯ ನಾಳದಿಂದ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯಬಹುದು. 2018ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳ ಬಳಿಕ, ಮೆದುಳಿನಲ್ಲಿ ಉಳಿಸಬಹುದಾದ ಭಾಗ ಇನ್ನೂ ಇದೆಯೆಂದು ಚಿತ್ರ ತೋರಿಸಿದರೆ, ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಇದನ್ನು ಮಾಡುತ್ತಾರೆ. ಹಾಗೆಂದು ಕಾಯುವಂತಿಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ಲೆಕ್ಕ.

ನಮ್ಮ ಕಡೆ ಕಷ್ಟವಿರುವುದು ದಾರಿಯಲ್ಲಿ. ಚಿಂಚೋಳಿಯಿಂದ ಕಲಬುರಗಿಗೆ 80 ಕಿ.ಮೀ. ಆಸುಪಾಸು. ವಾಡಿ, ಚಿತ್ತಾಪುರ ಹತ್ತಿರವೇ, ಆದರೂ ‘ಬೆಳಗಾಗಲಿ ನೋಡೋಣ’ ಎಂದು ಮಲಗಿದರೆ ಆ ಹತ್ತಿರದಿಂದ ಲಾಭವಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ, ಇಂಥ ಕಾಯಿಲೆಗಳನ್ನು ಬೇಗ ಗುರುತಿಸಲು ಜಿಲ್ಲಾ ಮಟ್ಟದ ವೈದ್ಯರಿಗೆ ತರಬೇತಿ ಕೊಡುತ್ತಿದೆ. ಅದು ನನಗೆ ದೊಡ್ಡ ಭರವಸೆ. ಆದರೆ ಮೊದಲ ಗಂಟೆ ಇರುವುದು ಮನೆಯವರ ಕೈಯಲ್ಲೇ.

ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಸ್ಕ್ಯಾನ್ ಆಗುವ ತನಕ ಆಸ್ಪಿರಿನ್ ಬೇಡ, ಬಾಯಿಗೆ ನೀರೂ ಬೇಡ. ನಿಮ್ಮೂರಿಗೆ ಹತ್ತಿರದಲ್ಲಿ ರಾತ್ರಿಯೂ ಸಿಟಿ ಸ್ಕ್ಯಾನ್ ಮಾಡಿ ಈ ಚುಚ್ಚುಮದ್ದು ಕೊಡುವ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿಡಿ.